ಲ್ಯಾಪ್‌ಟಾಪ್ ಕೆಟ್ಟರೆ ಯಾರ ಕೈಗೆ ಕೊಡೋದು, ಯಾವುದಕ್ಕೆ ಎಷ್ಟು ಕೊಡೋದು?

ಹೋದ ವರ್ಷ ಒಂದು ಬೆಳಿಗ್ಗೆ ನನ್ನ ತಂಗಿಯ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ. ಚಾರ್ಜರ್ ಸಿಕ್ಕಿಸಿದರೆ ಪಕ್ಕದ ಪುಟ್ಟ ದೀಪ ಒಮ್ಮೆ ಮಿಣುಕಿ ಆರಿಹೋಗುತ್ತಿತ್ತು. ಮನೆ ಹತ್ತಿರದ ಅಂಗಡಿಗೆ ಕೊಟ್ಟೆವು. ‘ಪವರ್ ಸೆಕ್ಷನ್ ಹೋಗಿರಬೇಕು ಸಾರ್, ಎರಡು ಎರಡೂವರೆ ಸಾವಿರ ಆಗಬಹುದು’ ಅಂದರು. ನಾಲ್ಕು ದಿನ ಬಿಟ್ಟು ಹೋದರೆ ಬಿಲ್ಲು 7,200. ‘ಐಸಿ ಜೊತೆ ಬ್ಯಾಟರಿನೂ ಹೋಗಿತ್ತು, ಹೊಸದು ಹಾಕಿದ್ದೀವಿ. ವಿಂಡೋಸ್ ಕರಪ್ಟ್ ಆಗಿತ್ತು, ಅದನ್ನೂ ಹಾಕಿಕೊಟ್ಟಿದ್ದೀವಿ.’ ಐಸಿ ಅಂದರೆ ಒಳಗಿನ ಬೋರ್ಡಿನ ಮೇಲಿರುವ ಪುಟ್ಟ ಚಿಪ್. ಇವನ್ನೆಲ್ಲ ಮಾಡಲೇ ಎಂದು ನಮಗೆ ಒಂದು ಫೋನೂ ಬಂದಿರಲಿಲ್ಲ. ವಿಂಡೋಸ್ ಹೊಸದಾಗಿ ಹಾಕುವಾಗ ಡೆಸ್ಕ್‌ಟಾಪ್ ಮೇಲಿದ್ದ ಅವಳ ಪ್ರಾಜೆಕ್ಟ್ ಫೈಲುಗಳೂ ಅಳಿಸಿಹೋಗಿದ್ದವು. ಇಷ್ಟು ಕೊಡೋಕಾಗಲ್ಲ ಅಂದೆವು. ದುಡ್ಡು ಕೊಡದೆ ಮಷೀನು ಕೊಡಲ್ಲ ಅಂದರು. ಅರ್ಧ ಗಂಟೆ ಕೌಂಟರಿನ ಮುಂದೆ ನಿಂತು ಮಾತಿಗೆ ಮಾತು ಬೆಳೆದು, ಕೊನೆಗೆ 5,000ಕ್ಕೆ ಮುಗಿಯಿತು. ಫೈಲುಗಳು ಮಾತ್ರ ಬರಲಿಲ್ಲ.

ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ಅಂಗಡಿಯ ವಿಸಿಟಿಂಗ್ ಕಾರ್ಡು, ಅದರ ಹಿಂದೆ ನೀಲಿ ಪೆನ್ನಿನಲ್ಲಿ ಬರೆದ ‘ನೋ ಪವರ್’ ಎಂಬ ಎರಡು ಪದ. ಮೊತ್ತವಿಲ್ಲ, ದಿನಾಂಕವಿಲ್ಲ, ಯಾವ ಮಷೀನು ಎಂಬುದೂ ಇಲ್ಲ. ಅಂದಿನಿಂದ ನಮ್ಮ ಮನೆಯ ಮತ್ತು ನೆಂಟರಿಷ್ಟರ ಎಲ್ಲ ರಿಪೇರಿಗಳಲ್ಲೂ ನಾನು ಒಂದೇ ಹಟ ಹಿಡಿದಿದ್ದೇನೆ: ಸ್ಕ್ರೂ ಬಿಚ್ಚುವ ಮೊದಲು ದುಡ್ಡಿನ ಮಾತು ಮುಗಿದಿರಬೇಕು. ಯಾರ ಹತ್ತಿರ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಆಮೇಲೆ ತಾನಾಗಿಯೇ ಸಿಗುತ್ತದೆ.

ಒಂದು ಬಿಲ್ಲು, ಮೂರು ಬಗೆಯ ಹಣ

ರಿಪೇರಿ ಬಿಲ್ಲಿನಲ್ಲಿ ಮೂರು ಬೇರೆ ಬೇರೆ ಹಣ ಕೂಡಿರುತ್ತದೆ. ಏನು ಕೆಟ್ಟಿದೆ ಎಂದು ನೋಡಿದ್ದಕ್ಕೆ ಚೆಕಿಂಗ್ ಚಾರ್ಜು, ಕೆಲಸ ಮಾಡಿದ್ದಕ್ಕೆ ಕೂಲಿ, ಹಾಕಿದ ಪಾರ್ಟಿನ ಬೆಲೆ. ಜಗಳಗಳೆಲ್ಲ ಈ ಮೂರನ್ನೂ ಒಟ್ಟುಗೂಡಿಸಿ ‘ಒಟ್ಟು ಇಷ್ಟು ಕೊಡಿ ಸಾರ್’ ಅಂದಾಗಲೇ ಹುಟ್ಟುವುದು. ಮೂರನ್ನೂ ಬಿಡಿಸಿ ಹೇಳಿ ಎಂದು ಕೇಳಿದರೆ ಒಳ್ಳೆಯ ಮೆಕ್ಯಾನಿಕ್ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಮಷೀನು ವಾಪಸ್ ಎತ್ತಿಕೊಂಡು ಬನ್ನಿ, ಅಷ್ಟೇ.

ಪಾರ್ಟಿನ ವಿಷಯದಲ್ಲಿ ಇನ್ನೊಂದು ಮಾತು. ‘ಒರಿಜಿನಲ್ ಹಾಕ್ತೀನಿ’ ಅನ್ನುವ ಪದಕ್ಕೆ ಬಜಾರಿನಲ್ಲಿ ಹಲವು ಅರ್ಥಗಳಿವೆ. ಕಂಪನಿಯ ಡಬ್ಬಿಯಲ್ಲಿ ಬಂದದ್ದೂ ಒರಿಜಿನಲ್, ಬೇರೆ ಕೆಟ್ಟ ಲ್ಯಾಪ್‌ಟಾಪಿನಿಂದ ಕಳಚಿದ್ದೂ ಒರಿಜಿನಲ್, ‘ಕಂಪನಿ ಕ್ವಾಲಿಟಿ’ ಎಂಬ ಲೋಕಲ್ ಬ್ಯಾಟರಿಯೂ ಕೆಲವರ ಬಾಯಲ್ಲಿ ಒರಿಜಿನಲ್. ಹೊಸದೋ ಹಳೆಯದೋ, ಯಾವ ಕಂಪನಿಯದು, ವಾರಂಟಿ ಎಷ್ಟು ದಿನ, ಈ ಮೂರೂ ಬಿಲ್ಲಿನಲ್ಲಿ ಬರೆದಿರಬೇಕು. ವಾರಂಟಿ ಮುಗಿದ ಮಷೀನಾದರೆ ತೆಗೆದ ಹಳೆಯ ಪಾರ್ಟನ್ನೂ ಕೇಳಿ ಪಡೆಯಿರಿ. ನಿಜವಾಗಿ ಬದಲಾಯಿಸಿದ್ದಾರೆ ಎಂಬುದಕ್ಕೆ ಅದಕ್ಕಿಂತ ಸರಳ ಸಾಕ್ಷಿ ಇಲ್ಲ.

ಪಾರ್ಟನ್ನು ಆನ್‌ಲೈನಿನಲ್ಲಿ ನಾವೇ ತರಿಸಿ ಕೂಲಿ ಮಾತ್ರ ಕೊಟ್ಟರೆ ಹೇಗೆ ಎಂದು ತುಂಬ ಜನ ಕೇಳುತ್ತಾರೆ. ಎಸ್‌ಎಸ್‌ಡಿ, ರ್‍ಯಾಮ್‌ನಂಥವಕ್ಕೆ ಅದು ಸರಿ, ಬೆಲೆ ಎಲ್ಲರಿಗೂ ಕಾಣುತ್ತದೆ, ತಯಾರಕರ ವಾರಂಟಿಯೂ ನಿಮ್ಮ ಹೆಸರಿನಲ್ಲೇ ಇರುತ್ತದೆ. ಆದರೆ ಅಂಗಡಿಯವರ ಗಳಿಕೆಯ ಒಂದು ಪಾಲು ಪಾರ್ಟಿನಿಂದಲೇ ಬರುವುದು. ಅದನ್ನು ತೆಗೆದರೆ ಕೂಲಿ ಸ್ವಲ್ಪ ಜಾಸ್ತಿ ಕೇಳುವುದು ನ್ಯಾಯವೇ. ನೀವು ತಂದ ಪಾರ್ಟು ಕೈಕೊಟ್ಟರೆ ಮತ್ತೆ ಬಿಚ್ಚಿ ಹಾಕಲು ಇನ್ನೊಮ್ಮೆ ಕೂಲಿಯನ್ನೂ ಕೊಡಬೇಕು. ಡಿಸ್‌ಪ್ಲೇ, ಬ್ಯಾಟರಿ, ಕೀಬೋರ್ಡುಗಳನ್ನು ಮಾತ್ರ ನಾನು ಅವರಿಂದಲೇ ಹಾಕಿಸುತ್ತೇನೆ. ಒಂದೇ ಮಾಡೆಲ್ಲಿನ ಲ್ಯಾಪ್‌ಟಾಪಿಗೆ ಎರಡು ಮೂರು ಬಗೆಯ ಪ್ಯಾನೆಲ್, ಕನೆಕ್ಟರ್ ಇರುತ್ತವೆ. ತಪ್ಪು ತರಿಸಿದರೆ ನಷ್ಟ ನಮ್ಮದೇ.

ಕಂಪನಿ ಸೆಂಟರ್, ಎಸ್‌ಪಿ ರೋಡ್, ಬೀದಿ ಕೊನೆಯ ಅಂಗಡಿ

ವಾರಂಟಿ ಇದ್ದರೆ ಯೋಚನೆಯೇ ಬೇಡ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್. ಲ್ಯಾಪ್‌ಟಾಪಿನ ಕೆಳಗಿರುವ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಎಲ್ಲಿಯವರೆಗೆ ಇದೆ ಎಂದು ತಿಳಿಯುತ್ತದೆ. ಕೆಲವು ಮಾಡೆಲ್ಲುಗಳಿಗೆ ಆನ್‌ಸೈಟ್ ವಾರಂಟಿ ಇರುತ್ತದೆ, ಅಂದರೆ ಅವರೇ ಮನೆಗೆ ಬರಬೇಕು. ಇದು ಗೊತ್ತಿಲ್ಲದೆ ಲ್ಯಾಪ್‌ಟಾಪ್ ಹೊತ್ತು ಟ್ರಾಫಿಕ್ಕಿನಲ್ಲಿ ಸೆಂಟರಿಗೆ ಅಲೆದವರನ್ನು ನಾನು ಬಲ್ಲೆ. ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದ್ದು, ಕೈಜಾರಿ ಬಿದ್ದು ಡಿಸ್‌ಪ್ಲೇ ಒಡೆದದ್ದು ಸಾಮಾನ್ಯ ವಾರಂಟಿಗೆ ಬರುವುದಿಲ್ಲ.

ವಾರಂಟಿ ಮುಗಿದ ಮೇಲೆ ಅದೇ ಸೆಂಟರಿನ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಬೋರ್ಡಿನ ಮೇಲಿನ ಒಂದು ಐಸಿ ಸುಟ್ಟಿದ್ದರೆ ಸಾಮಾನ್ಯವಾಗಿ ಆ ಐಸಿಯನ್ನು ಬದಲಾಯಿಸುವುದಿಲ್ಲ, ಇಡೀ ಮದರ್‌ಬೋರ್ಡನ್ನೇ ಬದಲಾಯಿಸುತ್ತಾರೆ. ಹಾಗಾಗಿ ಎಸ್ಟಿಮೇಟ್ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅಲ್ಲಿ ಒಂದು ಶಿಸ್ತು ಇದೆ, ಅದನ್ನು ಕಡೆಗಣಿಸಬಾರದು. ಜಾಬ್ ಶೀಟ್ (ಮಷೀನು ಪಡೆದದ್ದಕ್ಕೆ ಬರೆದುಕೊಡುವ ಚೀಟಿ) ಕೊಡುತ್ತಾರೆ, ಎಸ್ಟಿಮೇಟ್ ಕಳಿಸುತ್ತಾರೆ, ನೀವು ಒಪ್ಪಿದ ಮೇಲಷ್ಟೇ ಕೆಲಸ. ಬೇಡ ಅಂದರೆ ಚೆಕಿಂಗ್ ಚಾರ್ಜು, ಅದರ ಮೇಲಿನ ಜಿಎಸ್‌ಟಿ ಕಟ್ಟಿ ಮಷೀನು ವಾಪಸ್ ತರಬಹುದು. ಏನು ಕೆಟ್ಟಿದೆ ಎಂದು ಖಚಿತವಾಗಿ ತಿಳಿದುಕೊಳ್ಳಲಿಕ್ಕಾಗಿಯೇ ಆ ಚಾರ್ಜು ಕೊಟ್ಟು, ರಿಪೇರಿಯನ್ನು ಬೇರೆ ಕಡೆ ಮಾಡಿಸಿದರೂ ತಪ್ಪಿಲ್ಲ. ಜಾಬ್ ಶೀಟಿನಲ್ಲಿ ‘ಡೇಟಾಗೆ ನಾವು ಹೊಣೆಯಲ್ಲ’ ಎಂಬ ಸಾಲು ಇದ್ದೇ ಇರುತ್ತದೆ, ಸಹಿ ಹಾಕುವ ಮೊದಲು ಅದನ್ನೊಮ್ಮೆ ಓದಿ.

ಬೋರ್ಡ್ ಹೋಗಿದೆ ಎಂದು ಗೊತ್ತಾದರೆ ಚಿಪ್ ಲೆವೆಲ್ ಕೆಲಸದವರು, ಅಂದರೆ ಇಡೀ ಬೋರ್ಡ್ ಬದಲಿಸದೆ ಕೆಟ್ಟ ಐಸಿಯನ್ನಷ್ಟೇ ಬದಲಾಯಿಸುವವರು ಬೇಕು. ಬೆಂಗಳೂರಿನಲ್ಲಿ ಅಂದರೆ ಎಸ್‌ಪಿ ರೋಡ್, ಸಾದರ ಪತ್ರಪ್ಪ ರಸ್ತೆ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದರೆ ಸಿಗುತ್ತದೆ. ಕೆಳಗೆ ಪಾರ್ಟಿನ ಅಂಗಡಿಗಳು, ಕಿರಿದಾದ ಮೆಟ್ಟಿಲು ಹತ್ತಿದರೆ ರಿಪೇರಿಯವರು. ಮೈಕ್ರೊಸ್ಕೋಪಿನ ಕೆಳಗೆ ಹಸಿರು ಬೋರ್ಡು ಇಟ್ಟು, ಬಿಸಿಗಾಳಿಯ ಗನ್ನು ಹಿಡಿದು ಅಕ್ಕಿಕಾಳಿಗಿಂತ ಚಿಕ್ಕ ಕೆಪಾಸಿಟರ್ ಎತ್ತುವ ಕೈಗಳನ್ನು ಒಮ್ಮೆ ನೋಡಬೇಕು. ಆ ಕೆಲಸಕ್ಕೆ ಗೌರವ ತಾನಾಗಿ ಬರುತ್ತದೆ. ಹೊಸ ಬೋರ್ಡಿಗಿಂತ ಇಲ್ಲಿ ಬಹಳ ಕಡಿಮೆಯಲ್ಲಿ ಆಗುತ್ತದೆ. ಅಪಾಯ ಇರುವುದು ವಾರಂಟಿಯಲ್ಲಿ. ಒಂದು ತಿಂಗಳು, ಹೆಚ್ಚೆಂದರೆ ಮೂರು ತಿಂಗಳು ಅನ್ನುತ್ತಾರೆ. ಅಷ್ಟರಲ್ಲಿ ಮತ್ತೆ ಕೆಟ್ಟರೆ ‘ಇದು ಬೇರೆ ಐಸಿ ಸಾರ್, ನಾವು ಮಾಡಿದ್ದಲ್ಲ’ ಎಂಬ ಮಾತು ಬರುತ್ತದೆ. ಅದಕ್ಕೇ ಕೊಡುವಾಗಲೇ ಕೇಳಬೇಕು: ವಾರಂಟಿ ನೀವು ಹಾಕಿದ ಐಸಿಗೋ, ಅಥವಾ ಮಷೀನು ಆನ್ ಆಗುವುದಕ್ಕೋ? ಎರಡನೆಯದಕ್ಕೆ ಒಪ್ಪಿದವರು ಸಿಕ್ಕರೆ ನೂರು ಇನ್ನೂರು ಜಾಸ್ತಿಯಾದರೂ ಅವರೇ ವಾಸಿ.

ಇನ್ನು ಬೀದಿ ಕೊನೆಯ ಅಂಗಡಿ. ಎಸ್‌ಎಸ್‌ಡಿ ಹಾಕಿಸುವುದು, ಹಿಂಜ್ ಮುರಿದಿದ್ದು, ಕೀಬೋರ್ಡ್, ಬ್ಯಾಟರಿ, ಫ್ಯಾನಿನ ಧೂಳು ತೆಗೆದು ಹೊಸ ಪೇಸ್ಟ್ ಹಚ್ಚುವುದು, ವಿಂಡೋಸ್ ಹಾಕುವುದು, ಇಂಥ ದಿನನಿತ್ಯದ ಕೆಲಸಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಂಜೆ ಮಷೀನು ಮತ್ತೆ ತೊಂದರೆ ಕೊಟ್ಟರೆ ಮರುದಿನ ಬೆಳಿಗ್ಗೆ ಹೋಗಿ ನಿಲ್ಲಬಹುದು. ಅಂಗಡಿಯ ಹೆಸರು ಆ ಬೀದಿಯಲ್ಲೇ ಉಳಿಯಬೇಕಾದ್ದರಿಂದ ಅವರಿಗೂ ಮರ್ಯಾದೆಯ ಭಯ ಇರುತ್ತದೆ. ಬೋರ್ಡ್ ಕೆಲಸವಾದರೆ ಮಾತ್ರ ಒಂದು ಪ್ರಶ್ನೆ ಮರೆಯಬೇಡಿ: ‘ನೀವೇ ಮಾಡ್ತೀರಾ, ಹೊರಗೆ ಕಳಿಸ್ತೀರಾ?’ ತುಂಬ ಅಂಗಡಿಗಳು ಬೋರ್ಡನ್ನು ಚಿಪ್ ಲೆವೆಲ್‌ನವರಿಗೆ ಕಳಿಸಿ, ಅವರ ರೇಟಿನ ಮೇಲೆ ತಮ್ಮದನ್ನು ಸೇರಿಸುತ್ತವೆ. ಅದು ಮೋಸವಲ್ಲ. ಒಳ್ಳೆಯ ಕೈ ಯಾರದು ಎಂದು ಅವರಿಗೆ ಗೊತ್ತು, ಓಡಾಟವೂ ಅವರದು. ಆದರೆ ಮಷೀನು ಯಾರ ಕೈಯಲ್ಲಿದೆ ಎಂಬುದು ನಮಗೆ ಗೊತ್ತಿರಬೇಕು, ಕೆಟ್ಟರೆ ಹೊಣೆ ಯಾರದು ಎಂಬುದೂ. ನಮ್ಮ ತಂಗಿಯ ಲ್ಯಾಪ್‌ಟಾಪ್ ಹೀಗೇ ಇನ್ನೊಂದು ಕೈಗೆ ಹೋಗಿಬಂದಿತ್ತು ಎಂದು ಜಗಳದ ನಡುವೆಯಷ್ಟೇ ತಿಳಿಯಿತು.

ಮನೆಗೆ ಬರುವವರು, ದೂರದಿಂದ ನೋಡುವವರು

ಡೆಸ್ಕ್‌ಟಾಪ್, ಪ್ರಿಂಟರ್, ವೈಫೈ ತೊಂದರೆಗೆ ಮನೆಗೇ ಕರೆಸುವುದು ಒಳ್ಳೆಯದು. ಎಷ್ಟೋ ಸಲ ತೊಂದರೆ ಇರುವುದು ಮಷೀನಿನಲ್ಲಲ್ಲ, ಯುಪಿಎಸ್‌ನಲ್ಲೋ ಪ್ಲಗ್ ಪಾಯಿಂಟಿನಲ್ಲೋ ಇರುತ್ತದೆ, ಅಂಗಡಿಗೆ ಒಯ್ದರೆ ಅದು ಕಾಣುವುದೇ ಇಲ್ಲ. ವಿಸಿಟಿಂಗ್ ಚಾರ್ಜು ಎಷ್ಟು, ರಿಪೇರಿ ಮಾಡಿಸಿದರೆ ಅದು ಒಟ್ಟು ಬಿಲ್ಲಿನಲ್ಲಿ ಕಳೆಯುತ್ತದೋ ಪ್ರತ್ಯೇಕವೋ, ಎಂದು ಫೋನಿನಲ್ಲೇ ಕೇಳಿ. ಆ್ಯಪ್ ಮೂಲಕ ಕರೆಸಿದರೆ ರೇಟ್ ಕಾರ್ಡು ಮೊದಲೇ ಕಾಣುತ್ತದೆ, ದುಡ್ಡು ಕೊಟ್ಟದ್ದಕ್ಕೂ ದಾಖಲೆ ಉಳಿಯುತ್ತದೆ, ದೂರು ಕೊಡಲು ಒಂದು ಜಾಗ ಇರುತ್ತದೆ. ಬಂದವರು ‘ಆ್ಯಪ್ ಕ್ಯಾನ್ಸಲ್ ಮಾಡಿ, ಡೈರೆಕ್ಟ್ ಕೊಡಿ, ಕಮ್ಮಿ ಮಾಡ್ತೀನಿ’ ಅಂದರೆ ಒಪ್ಪಬೇಡಿ. ಆ ಮೂರೂ ಅನುಕೂಲ ಅಲ್ಲಿಗೇ ಹೋಯಿತು. ಪಾರ್ಟು ಬೇಕೆಂದು ಮಷೀನನ್ನು ಹೊತ್ತುಕೊಂಡು ಹೋಗುವುದಾದರೆ ಸೀರಿಯಲ್ ನಂಬರ್ ಬರೆದ ಚೀಟಿ ಇಲ್ಲದೆ ಬಾಗಿಲು ದಾಟಿಸಬೇಡಿ.

ಪರಿಚಯದ ಹುಡುಗ ಎನಿಡೆಸ್ಕ್ ಎಂಬ ಆ್ಯಪ್ ಹಾಕಿಸಿ ದೂರದಿಂದಲೇ ಪ್ರಿಂಟರ್ ಸರಿಮಾಡಿಕೊಡುವುದು ಬೇರೆ. ಸ್ಕ್ರೀನ್ ತುಂಬ ಕೆಂಪು ಎಚ್ಚರಿಕೆ ಬಂದು ‘ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ’ ಎಂದು ಬರುವುದೇ ಬೇರೆ. ಮೈಕ್ರೊಸಾಫ್ಟ್‌ನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಇದು ರಿಪೇರಿ ಚಾರ್ಜಿನ ತಕರಾರಲ್ಲ, ಕಳ್ಳತನ. ಮನೆಯಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ಇವತ್ತೇ ಹೇಳಿ. ಹಣ ಹೋಗಿದ್ದರೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಡೇಟಾ ಮತ್ತು ವಯಸ್ಸು

ಫೋಟೊ, ಫೈಲುಗಳ ಪ್ರತಿ ಬೇರೆ ಕಡೆ ಇಲ್ಲದಿದ್ದರೆ ರೇಟು ಹೋಲಿಸುವುದನ್ನು ಬಿಟ್ಟು ಮೊದಲು ಅದನ್ನು ಯೋಚಿಸಿ. ಹಳೆಯ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಬೇಡಿ, ಪ್ರತಿ ಸಲವೂ ಇನ್ನಷ್ಟು ಹಾಳಾಗುತ್ತದೆ. ಡೇಟಾ ರಿಕವರಿ ಎಂಬುದು ಬೇರೆಯೇ ಕೆಲಸ, ಅದರ ರೇಟೂ ಬೇರೆ, ಮಾಮೂಲಿ ರಿಪೇರಿಯವರ ಕೈಗೆ ಅದನ್ನು ಕೊಡಬಾರದು. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಲಾಕ್ ಆಗಿರುತ್ತದೆ. ಬೋರ್ಡ್ ಬದಲಾಯಿಸಿದ ಮೇಲೆ ಅದು 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳುತ್ತದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೊಸಾಫ್ಟ್ ಅಕೌಂಟಿನಲ್ಲಿರುತ್ತದೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕೀ ಇಲ್ಲದೆ ಡೇಟಾ ಸಿಗದಿದ್ದರೆ ಅದಕ್ಕೆ ರಿಪೇರಿಯವರನ್ನು ದೂರುವಂತಿಲ್ಲ.

ಮಷೀನಿನ ವಯಸ್ಸೂ ಮುಖ್ಯ. ಅದೇ ಮಟ್ಟದ ಹೊಸದರ ಬೆಲೆಯ ಮೂರರಲ್ಲಿ ಒಂದು ಪಾಲನ್ನು ಎಸ್ಟಿಮೇಟ್ ದಾಟಿದರೆ, ಮಷೀನಿಗೆ ಐದಾರು ವರ್ಷ ಆಗಿದ್ದರೆ, ನಾನು ರಿಪೇರಿ ಮಾಡಿಸುವುದಿಲ್ಲ. ಇದು ನನ್ನ ಲೆಕ್ಕ, ನಿಮ್ಮದು ಬೇರೆ ಇರಬಹುದು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮಷೀನಿನಲ್ಲಿ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದರ ಮೇಲಿನದು ಬೇಕು. ಅದಕ್ಕಿಂತ ಹಳೆಯ ಮಷೀನಿಗೆ ದೊಡ್ಡ ಮೊತ್ತ ಸುರಿಯುವ ಮೊದಲು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿಲ್ಲಿನ ಮೇಲೆ ತಕರಾರು ಬಂದರೆ

‘ಬಿಲ್ ಬೇಕಾ ಸಾರ್? ಬಿಲ್ ಆದ್ರೆ ಜಿಎಸ್‌ಟಿ ಸೇರುತ್ತೆ.’ ಈ ಮಾತು ಕೇಳದವರಿಲ್ಲ. ರಿಪೇರಿ ಸೇವೆಗೆ ಜಿಎಸ್‌ಟಿ ಶೇ 18. 4,000ದ ಕೆಲಸಕ್ಕೆ 720 ಉಳಿಯುತ್ತದೆ ಎಂದು ನಾವು ಬೇಡ ಅನ್ನುತ್ತೇವೆ. ಮುಂದೆ ತಕರಾರು ಬಂದಾಗ ನಮ್ಮ ಕೈ ಕಟ್ಟಿಹಾಕುವುದು ಆ 720ರ ಆಸೆಯೇ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಚಿಕ್ಕ ಅಂಗಡಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ಅವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಆದರೆ ರಶೀದಿ ಕೊಡಲು ಏನೂ ಅಡ್ಡಿಯಿಲ್ಲ. ಜಿಎಸ್‌ಟಿ ಹಾಕಿದ್ದರೆ ಬಿಲ್ಲಿನಲ್ಲಿ 15 ಅಕ್ಷರಾಂಕಿಗಳ ನಂಬರ್ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ ಎಂದು ಕಾಣುತ್ತದೆ. ಕೊಟ್ಟ ಸೇವೆಗೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ.

‘ದುಡ್ಡು ಕೊಡೋವರೆಗೂ ಮಷೀನು ಕೊಡಲ್ಲ’ ಅನ್ನುವುದು ದಬ್ಬಾಳಿಕೆ ಎಂದು ನಾನು ಅಂದು ಕೂಗಾಡಿದ್ದೆ. ಆಮೇಲೆ ಓದಿ ತಿಳಿದದ್ದು ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ನಾವು ಕೊಟ್ಟ ವಸ್ತುವಿನ ಮೇಲೆ ಶ್ರಮ, ಕೌಶಲ ಹಾಕಿದವರು ತಮಗೆ ಸಲ್ಲಬೇಕಾದ ಕೂಲಿ ಸಿಗುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಆ ಹಕ್ಕು ಇರುವುದು ಸಲ್ಲಬೇಕಾದದ್ದಕ್ಕೆ ಮಾತ್ರ, ನಾವು ಹೇಳದೆಯೇ ಮಾಡಿದ ಕೆಲಸಕ್ಕಲ್ಲ. ಯಾವುದು ಸಲ್ಲಬೇಕು ಎಂಬುದನ್ನು ಕೌಂಟರಿನ ಮುಂದೆ ತೀರ್ಮಾನಿಸಲಾಗುವುದಿಲ್ಲ. ಮಷೀನು ತುರ್ತಾಗಿ ಬೇಕಿದ್ದರೆ ಹಣ ಕೊಟ್ಟುಬಿಡಿ, ಆದರೆ ‘ಒಪ್ಪಿದ್ದು 2,500, ಹೆಚ್ಚಿನದನ್ನು ಆಕ್ಷೇಪದೊಂದಿಗೆ ಕೊಡುತ್ತಿದ್ದೇನೆ’ ಎಂದು ಅಲ್ಲಿಯೇ ನಿಂತು ಅವರ ವಾಟ್ಸ್‌ಆ್ಯಪಿಗೆ ಕಳಿಸಿ. ನಗದು ಬೇಡ, ಯುಪಿಐ ಆದರೂ ಗುರುತು ಉಳಿಯುತ್ತದೆ. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವ ಕಡೆ ಅದರಲ್ಲೇ ಕೊಟ್ಟರೆ ಬ್ಯಾಂಕಿನ ಮೂಲಕ ತಕರಾರು ಎತ್ತುವ ದಾರಿಯೂ ಇರುತ್ತದೆ. ಹಣ ಕೊಟ್ಟ ಮೇಲೂ ಮಷೀನು ಅಲ್ಲಿಯೇ ಆನ್ ಮಾಡಿ, ಕ್ಯಾಮೆರಾ, ವೈಫೈ, ಯುಎಸ್‌ಬಿ, ಸ್ಪೀಕರ್ ಎಲ್ಲ ನೋಡಿಯೇ ಹೊರಡಿ.

ಮುಂದಿನ ಹೆಜ್ಜೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅದು ಆದೇಶ ಕೊಡುವ ನ್ಯಾಯಾಲಯವಲ್ಲ, ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುವ ವ್ಯವಸ್ಥೆ. ಆದ್ದರಿಂದ ಕಂಪನಿ ಸೆಂಟರು, ದೊಡ್ಡ ಆ್ಯಪುಗಳ ಮೇಲಿನ ದೂರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬೀದಿ ಅಂಗಡಿಯ ವಿಷಯದಲ್ಲಿ ಅಷ್ಟು ನಿರೀಕ್ಷೆ ಬೇಡ. ಅಲ್ಲಿ ಕೆಲಸ ಮಾಡುವುದು ಒಂದು ಪುಟದ ನೋಟಿಸು: ಯಾವಾಗ ಕೊಟ್ಟೆ, ಎಷ್ಟು ಅಂದಿರಿ, ಎಷ್ಟು ತೆಗೆದುಕೊಂಡಿರಿ, 15 ದಿನದಲ್ಲಿ ಇಷ್ಟು ಹಿಂದಿರುಗಿಸಿ, ಇಷ್ಟೇ. ಬೈಗುಳ ಬೇಡ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಈಗ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಇ-ಜಾಗೃತಿ ಪೋರ್ಟಲಿನಲ್ಲೂ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆಯಾಗಿ ಎರಡು ವರ್ಷದೊಳಗೆ ಹಾಕಬೇಕು. ನಾಲ್ಕೈದು ನೂರು ರೂಪಾಯಿಗಾಗಿ ಅಲೆಯಿರಿ ಎಂದು ನಾನು ಹೇಳುವುದಿಲ್ಲ. ಹಳೆಯ ಬ್ಯಾಟರಿಯನ್ನು ಹೊಸದೆಂದು ಮಾರಿದವರ ಮೇಲೆ, ಹೇಳದೆ ಡೇಟಾ ಅಳಿಸಿದವರ ಮೇಲೆ ಹಾಕಲೇಬೇಕು.

ಇಷ್ಟೆಲ್ಲ ಬೇಡವೆಂದರೆ ಮಷೀನು ಕೊಡುವ ದಿನವೇ ಒಂದು ಮೆಸೇಜು ಕಳಿಸಿದರೆ ಸಾಕಾಗುತ್ತದೆ. ನಾನು ಈಗ ಕಳಿಸುವುದು ಹೀಗೆ: ‘ಲ್ಯಾಪ್‌ಟಾಪ್ ಇವತ್ತು ಕೊಟ್ಟಿದ್ದೇವೆ, ಸೀರಿಯಲ್ ನಂಬರ್ ಫೋಟೊದಲ್ಲಿದೆ. ಆನ್ ಆಗ್ತಿಲ್ಲ. ಚೆಕಿಂಗ್ 300. ಒಟ್ಟು 2,500 ದಾಟೋದಾದ್ರೆ ಕೆಲಸ ಶುರು ಮಾಡೋ ಮೊದಲು ಫೋನ್ ಮಾಡಿ. ಕೇಳದೆ ಫಾರ್ಮ್ಯಾಟ್ ಮಾಡಬೇಡಿ. ತೆಗೆದ ಪಾರ್ಟು ವಾಪಸ್ ಬೇಕು.’ ‘ಓಕೆ ಸಾರ್’ ಎಂದು ಉತ್ತರ ಬರುತ್ತದೆ. ಆ ಎರಡು ಪದ ನಮ್ಮ ಒಪ್ಪಂದ.

ತಕರಾರು ಮಾಡಬಾರದ ಕಡೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಡೆಸ್ಕ್‌ಟಾಪ್ ಆನ್ ಮಾಡಿದರೆ ಬೀಪ್ ಬೀಪ್ ಅನ್ನುತ್ತಿತ್ತು, ಸ್ಕ್ರೀನ್ ಮೇಲೆ ಏನೂ ಬರುತ್ತಿರಲಿಲ್ಲ. ಪೇಟೆಯಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದ. ಕವರ್ ತೆಗೆದು, ಬೀಪನ್ನು ಒಮ್ಮೆ ಕಿವಿಗೊಟ್ಟು ಕೇಳಿ, ರ್‍ಯಾಮ್ ಕಳಚಿದ. ಜೇಬಿನಿಂದ ಶಾಲೆ ಮಕ್ಕಳ ಬಿಳಿ ರಬ್ಬರ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಎರಡೂ ಕಡೆ ಮೆಲ್ಲಗೆ ಉಜ್ಜಿದ, ಪುಡಿ ಊದಿದ, ಮತ್ತೆ ಕ್ಲಿಪ್ಪಿನೊಳಗೆ ಕೂರಿಸಿದ. ಆನ್ ಆಯಿತು. ಹತ್ತು ನಿಮಿಷವೂ ಆಗಿರಲಿಲ್ಲ. ಫೋನಿನಲ್ಲಿ ಹೇಳಿದ್ದಂತೆ 300 ಕೇಳಿದ.

‘ರಬ್ಬರ್ ಉಜ್ಜಿದ್ದಕ್ಕೆ ಮುನ್ನೂರಾ?’ ಅಂದರು ಅಪ್ಪ.

ನಾನು ಯುಪಿಐ ಮಾಡಿದೆ. ಬೇರೆ ಯಾರಾದರೂ ಆಗಿದ್ದರೆ ‘ಬೋರ್ಡ್ ಹೋಗಿದೆ ಯಜಮಾನ್ರೇ’ ಎಂದು ಡಬ್ಬಿಯನ್ನೇ ಹೊತ್ತುಕೊಂಡು ಹೋಗಬಹುದಿತ್ತು, ಅಪ್ಪನಿಗೆ ಗೊತ್ತೂ ಆಗುತ್ತಿರಲಿಲ್ಲ. ಹುಡುಗ ಹೊರಡುವಾಗ ಅವನ ನಂಬರನ್ನು ಅಪ್ಪನ ಫೋನಿನಲ್ಲಿ ಹಾಕಿಕೊಟ್ಟೆ. ಆ ರಬ್ಬರನ್ನು ಅವನು ನಮ್ಮ ಮೇಜಿನ ಮೇಲೇ ಬಿಟ್ಟುಹೋದ, ‘ಮುಂದಿನ ಸಲ ನೀವೇ ಉಜ್ಜಿ ನೋಡಿ, ಆಗದಿದ್ರೆ ಫೋನ್ ಮಾಡಿ’ ಅಂದ.